ಯಾವ ಬಸ್ಸಿಗೆ ಬಂದ್ರಿ?

ನಮ್ಮ ಸಣ್ಣತ್ತೆ ಒಂದು ದೇಶದ ಸಾರಿಗೆ ಮಂತ್ರಿ! ನಗಬೇಡಿ. ದೇಶ ಚಿಕ್ಕದು, ಒಪ್ಪಿಕೊಳ್ಳುತ್ತೇನೆ. ಸಾಗರ, ಹೊಸನಗರ, ತೀರ್ಥಹಳ್ಳಿ, ಇಷ್ಟೇ ಅದರ ವಿಸ್ತಾರ. ಅದರಾಚೆ ಇರುವುದೆಲ್ಲ ಸಣ್ಣತ್ತೆಯ ಪಾಲಿಗೆ ಪರದೇಶ. ಶಿವಮೊಗ್ಗವೂ ಪರದೇಶ, ಶಿರಸಿಯೂ ಪರದೇಶ. ಸಾಗರಕ್ಕೆ ರೈಲು ಬರುತ್ತದಲ್ಲ, ಅದನ್ನು ಅವರು ಲೆಕ್ಕಕ್ಕೇ ಹಿಡಿಯುವುದಿಲ್ಲ. "ರೈಲು ಹೊರಗೆ ಹೋಗೋರಿಗೆ ಮಾರಾಯ್ತಿ. ಒಳಗೊಳಗೆ ಓಡಾಡೋಕೆ ಅದೆಂತಕ್ಕೆ?" ಎಂದು ಅದನ್ನು ವಿಮಾನದ ಪಕ್ಕದಲ್ಲಿ ಇಟ್ಟುಬಿಟ್ಟಿದ್ದಾರೆ.

ಈ ದೇಶಕ್ಕೆ ಯಾವ ನೆಂಟರು ಕಾಲಿಟ್ಟರೂ ಅವರು ಎಲ್ಲಿ ಬಸ್ಸು ಹತ್ತಬೇಕು, ಎಲ್ಲಿ ಇಳಿಯಬೇಕು, ಯಾವ ಬದಿಯ ಕಿಟಕಿ ಹಿಡಿಯಬೇಕು, ಯಾವ ತಿರುವಿನಲ್ಲಿ ಮುಂದಿನ ಸೀಟಿನ ಕಂಬಿ ಗಟ್ಟಿಯಾಗಿ ಹಿಡಿದುಕೊಳ್ಳಬೇಕು ಎಂಬುದೆಲ್ಲ ಸಣ್ಣತ್ತೆಯ ಅಪ್ಪಣೆಯಂತೆ ನಡೆಯಬೇಕು. ಅವರ ಮನೆ ಇರುವುದು ಸಾಗರದ ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ. ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಒಳಗಿನಿಂದ ಪ್ರಶ್ನೆ ಬರುತ್ತದೆ: "ಯಾವ ಬಸ್ಸಿಗೆ ಬಂದ್ರಿ?" ಕ್ಷೇಮ ಸಮಾಚಾರ, ನೀರು, ಬೆಲ್ಲ ಎಲ್ಲ ಆಮೇಲೆ. ನಾನು ಎರಡು ಬೀದಿಯಾಚೆಯ ಮನೆಯಿಂದ ನಡೆದು ಹೋದರೂ ಬಾಯಿತಪ್ಪಿ ಒಮ್ಮೊಮ್ಮೆ ಅದೇ ಪ್ರಶ್ನೆ!

ಬಸ್ಸುಗಳ ನಿಜವಾದ ಹೆಸರು ಅವರಿಗೆ ಬೇಡ. ತಾವೇ ನಾಮಕರಣ ಮಾಡಿದ್ದಾರೆ. ಏರಿನಲ್ಲಿ ಏದುಸಿರು ಬಿಡುತ್ತ ಖೊಕ್ ಖೊಕ್ ಎನ್ನುವುದು ಕೆಮ್ಮು ಬಸ್ಸು. ಮುಂದಿನ ಗಾಜಿಗೆ ಮೊಳಗಟ್ಟಲೆ ಹೂವು ಇಳಿಬಿಟ್ಟುಕೊಂಡು ಬರುವುದು ಮದುಮಗಳು. ಯಾರು ಕೈ ತೋರಿಸಿದರೂ ನಿಲ್ಲದೆ ಹೋಗುವುದು ಸಿಟ್ಟಿನ ಬಸ್ಸು. ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಲೇ ಹಾರನ್ನು ಕೇಳಿ "ಮದುಮಗಳು ಇವತ್ತು ತಡ" ಎಂದುಬಿಡುತ್ತಾರೆ. ಸಣ್ಣತ್ತೆಯ ಗಂಡ, ಅಂದರೆ ನಮ್ಮ ಮಾವ, ಗಡಿಯಾರ ರಿಪೇರಿಯ ಅಂಗಡಿ ಇಟ್ಟವರು. ಅವರು ಗಡಿಯಾರ ಬಿಚ್ಚಿ, ಒರೆಸಿ, ಮತ್ತೆ ಜೋಡಿಸಿ, ಕೊನೆಗೆ ಮುಳ್ಳು ಹೊಂದಿಸುವ ಮುಂಚೆ ಮನೆಯತ್ತ ಕೂಗುತ್ತಾರೆ: "ಏನೇ, ಕೆಮ್ಮು ಬಸ್ಸು ಹೋಯ್ತಾ?"

ಇಷ್ಟೆಲ್ಲ ಬಲ್ಲ ಮಂತ್ರಿಗಳು ಬಸ್ಸು ಹತ್ತಿ ಎಷ್ಟು ಕಾಲವಾಯಿತು ಗೊತ್ತೆ? ನಮ್ಮ ಅಜ್ಜಿ ತೀರಿಕೊಂಡಾಗ ಹತ್ತಿದ್ದೇ ಕೊನೆ! ಕಾರಣ ಸರಳ. ವಾಂತಿ. ಸಣ್ಣತ್ತೆಯ ವಾಂತಿ ಸಾಮಾನ್ಯದ್ದಲ್ಲ, ಅದಕ್ಕೊಂದು ಚರಿತ್ರೆಯೇ ಇದೆ. ಬಸ್ಸು ಹೊರಡಬೇಕೆಂದಿಲ್ಲ, ಸ್ಟಾರ್ಟ್ ಆದರೆ ಸಾಕು. ಕೆಲವು ಸಲ ಡೀಸೆಲ್ ವಾಸನೆಯ ನೆನಪಾದರೂ ಸಾಕು. ಒಮ್ಮೆ ನಮ್ಮ ಮನೆಯವರು ಹುಮ್ಮಸ್ಸಿನಿಂದ ನಮ್ಮ ಹೊಸ ಕಾರಿನಲ್ಲಿ ಅವರನ್ನು ಕೂರಿಸಿಕೊಂಡು ತೀರ್ಥಹಳ್ಳಿಗೆ ಹೊರಟರು. ಆನಂದಪುರ ತಲುಪುವುದರೊಳಗೆ ಕಾರು ಹಳೆಯದಾಯಿತು. ಈಗಲೂ ಮಳೆಗಾಲದಲ್ಲಿ ಗಾಜು ಏರಿಸಿದರೆ ಆ ಪ್ರಯಾಣದ ನೆನಪು ಮೂಗಿಗೆ ಬರುತ್ತದೆ!

ತೀರ್ಥಹಳ್ಳಿಗೇ ಏಕೆ ಎಂದಿರಾ? ಇಡೀ ಕಥೆ ಇರುವುದೇ ಅಲ್ಲಿ. ತೀರ್ಥಹಳ್ಳಿಯಲ್ಲಿ ಅವರ ಅಕ್ಕ ಇದ್ದಾರೆ, ನಮ್ಮ ದೊಡ್ಡತ್ತೆ. ಅಪ್ಪನಿಗೆ ಇವರಿಬ್ಬರೇ, ಒಬ್ಬ ಅಕ್ಕ, ಒಬ್ಬ ತಂಗಿ. ಇಬ್ಬರಿಗೂ ಅದೇ ಮೂಗು, ಅದೇ ಗಟ್ಟಿ ಗಂಟಲು, ಅದೇ ವಾಂತಿ! ಅಕ್ಕ ಇತ್ತ ಬರುವಂತಿಲ್ಲ, ತಂಗಿ ಅತ್ತ ಹೋಗುವಂತಿಲ್ಲ. ದಿನಾ ಬೆಳಿಗ್ಗೆ ಫೋನು. ಅದು ಸಾಲದೆ ಒಂದು ಸ್ಟೀಲ್ ಡಬ್ಬಿ. ಸಣ್ಣತ್ತೆ ಡಬ್ಬಿಯಲ್ಲಿ ಪತ್ರೊಡೆ ತುಂಬಿ, ಬಟ್ಟೆ ಕಟ್ಟಿ, ಕೆಮ್ಮು ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಾರೆ. ತೀರ್ಥಹಳ್ಳಿಯಲ್ಲಿ ದೊಡ್ಡಮಾವ ಹೋಗಿ ಇಳಿಸಿಕೊಳ್ಳುತ್ತಾರೆ. ನಮ್ಮ ಕಡೆ ಬಂದ ಪಾತ್ರೆಯನ್ನು ಬರಿದಾಗಿ ತಿರುಗಿಸುವುದುಂಟೆ? ಅದರಲ್ಲಿ ಹಲಸಿನ ಹಪ್ಪಳ ತುಂಬಿ ಬರುತ್ತದೆ. ಹಪ್ಪಳದ ಡಬ್ಬಿ ಬರಿದು ಹೋದೀತೆ? ಅದರಲ್ಲಿ ಮಿಡಿ ಉಪ್ಪಿನಕಾಯಿ. ಹೀಗೆ ಆ ಡಬ್ಬಿ ವರ್ಷಗಟ್ಟಲೆಯಿಂದ ಓಡಾಡುತ್ತಲೇ ಇದೆ. ಅದು ಮೂಲತಃ ಯಾರ ಮನೆಯದೆಂಬುದು ಇಬ್ಬರಿಗೂ ಮರೆತುಹೋಗಿದೆ.

ಡಬ್ಬಿಗೆ ಬಾಯಿಲ್ಲವಲ್ಲ! ಅಕ್ಕ ಹೇಗಿದ್ದಾಳೆ ಎಂದು ಅದು ಬಂದು ಹೇಳುವುದಿಲ್ಲ. ಅದಕ್ಕೇ ಸಣ್ಣತ್ತೆಗೆ ನೆಂಟರು ಬೇಕು. ನಿಮಗೆ ನೋಡಬೇಕಾದದ್ದು ಏನೇ ಇರಲಿ, ಸಣ್ಣತ್ತೆ ಹೇಳುವ ದಾರಿ ತೀರ್ಥಹಳ್ಳಿಯ ಮೇಲೆಯೇ ಹೋಗುತ್ತದೆ. ನಮ್ಮ ಮನೆಯವರ ಸ್ನೇಹಿತರೊಬ್ಬರು ಹೆಂಡತಿಯ ಜೊತೆ ಮೈಸೂರಿನಿಂದ ಕಾರಿನಲ್ಲಿ ಬಂದಿದ್ದರು. ಜೋಗ ನೋಡುವ ಆಸೆ. ಸಾಗರದಿಂದ ಜೋಗ ಎಷ್ಟು ದೂರ? ಒಂದು ನಿದ್ದೆ ತೆಗೆಯುವಷ್ಟೂ ಇಲ್ಲ. ಸಣ್ಣತ್ತೆ ಮೊದಲು ಅವರ ಕಾರಿನ ಕೀಲಿಯನ್ನು ಇಸಿದುಕೊಂಡು ಕ್ಯಾಲೆಂಡರಿನ ಮೊಳೆಗೆ ತಗುಲಿಹಾಕಿದರು.

"ಕಾರಲ್ಲಿ ಹೋದ್ರೆ ಎಂತ ಕಾಣ್ತದೆ? ಮುಂದಿನ ಕಾರಿನ ಹಿಂಭಾಗ ಕಾಣ್ತದೆ. ಬಸ್ಸಿಗೆ ಹೋಗಿ. ಬೆಳಿಗ್ಗೆ ಕೆಮ್ಮು ಬಸ್ಸು ಹತ್ತಿ, ಎಡಗಡೆ ಕಿಟಕಿ ಹಿಡೀರಿ. ತೀರ್ಥಹಳ್ಳೀಲಿ ಇಳೀರಿ. ನಮ್ಮಕ್ಕನ ಮನೇಲಿ ಊಟ ಮಾಡಿ..."

"ಅಮ್ಮಾ, ನಮಗೆ ಜೋಗ ನೋಡಬೇಕಿತ್ತು" ಎಂದರು ಆ ಸ್ನೇಹಿತರು, ಕೈಯಲ್ಲಿದ್ದ ಫೋನಿನ ಮ್ಯಾಪನ್ನು ತೋರಿಸುತ್ತ. "ಇದು ನೋಡಿ, ಜೋಗ ಈ ಕಡೆಗಿದೆ. ತೀರ್ಥಹಳ್ಳಿ ಪೂರ್ತಿ ಆ ಕಡೆಗೆ!"

"ಜೋಗ ಎಲ್ಲಿಗೆ ಓಡಿಹೋಗ್ತದೆ? ಅದು ನಾಳೇನೂ ಅಲ್ಲೇ ಬೀಳ್ತಾ ಇರ್ತದೆ. ನೀವು ಮೊದಲು ಊಟಕ್ಕೆ ಹೋಗಿ ಬನ್ನಿ."

ಹೋದರು! ಮೈಸೂರಿನವರು ಪಾಪ ಮರ್ಯಾದಸ್ಥರು. ಮೊದಲ ದಿನ ಡಬ್ಬಿ ಹಿಡಿದುಕೊಂಡು ತೀರ್ಥಹಳ್ಳಿ, ಎರಡನೆಯ ದಿನ ಅದೇ ಡಬ್ಬಿ ಹಿಡಿದುಕೊಂಡು ವಾಪಸು ಸಾಗರ. ಮೂರನೆಯ ದಿನ ರಜೆ ಮುಗಿಯಿತು. ಹೊರಡುವಾಗ ಆ ಹೆಂಗಸು ನನ್ನ ಕಿವಿಯಲ್ಲಿ "ಜೋಗಕ್ಕಿಂತ ನಿಮ್ಮ ದೊಡ್ಡತ್ತೆಯ ಕಳಲೆ ಪಲ್ಯವೇ ಚೆನ್ನಾಗಿತ್ತು ಬಿಡಿ" ಎಂದು ಹೇಳಿದ್ದು ಸಮಾಧಾನಕ್ಕೋ ನಿಜಕ್ಕೋ ನನಗಿನ್ನೂ ಗೊತ್ತಾಗಿಲ್ಲ.

ಲಾಂಚು ಇದ್ದ ಕಾಲದಲ್ಲಂತೂ ಕೇಳುವುದೇ ಬೇಡ. ಹೊಳೆಬಾಗಿಲಿನಿಂದ ಸಿಗಂದೂರಿಗೆ ಹಿನ್ನೀರು ದಾಟುವುದೆಂದರೆ ಬಸ್ಸೇ ಲಾಂಚಿನ ಮೇಲೆ ಹತ್ತಿ ನಿಲ್ಲುತ್ತಿತ್ತು. "ನಾವು ಬಸ್ಸಲ್ಲಿ ಕೂರ್ತೀವಿ, ಬಸ್ಸು ಲಾಂಚಲ್ಲಿ ಕೂರ್ತದೆ! ಬೇರೆ ಯಾವ ದೇಶದಲ್ಲಿದೆ ಹೇಳಿ?" ಎಂದು ನೆಂಟರ ಎದುರು ಎದೆಯುಬ್ಬಿಸುತ್ತಿದ್ದರು. ಸೇತುವೆಯಾದ ಮೇಲೆ ಎರಡು ದಿನ ಮುಖ ದಪ್ಪ ಮಾಡಿಕೊಂಡಿದ್ದರು. "ಸೇತುವೆ ಒಳ್ಳೇದೇ ಬಿಡು. ಆಸ್ಪತ್ರೆಗೆ ಹೋಗೋರಿಗೆ, ಕಾಲೇಜಿಗೆ ಹೋಗೋ ಮಕ್ಕಳಿಗೆ ಒಳ್ಳೇದೇ. ಆದ್ರೆ ಆ ಬಸ್ಸಿಗೆ ಇನ್ನೆಂತ ಮಜಾ ಇದೆ ಪಾಪ?" ಬಸ್ಸಿನ ಬೇಸರಕ್ಕೆ ಮರುಗುವ ಹೆಂಗಸನ್ನು ನೀವು ಬೇರೆಲ್ಲಾದರೂ ಕಂಡಿದ್ದೀರಾ? ಅಂದಹಾಗೆ, ಸಿಗಂದೂರಿಗೆ ಹೋಗುವವರಿಗೂ ಆಗ ತೀರ್ಥಹಳ್ಳಿಯ ಮೇಲೆಯೇ ದಾರಿ ಹೇಳುತ್ತಿದ್ದರು!

ತೀರ್ಥಹಳ್ಳಿಯಿಂದ ಮರಳಿದವರಿಗೆ ಅಡುಗೆಮನೆಯ ಮಣೆಯ ಮೇಲೆ ವಿಚಾರಣೆ. "ಅಕ್ಕ ಗೇಟಿನವರೆಗೆ ಬಂದಳಾ? ಸೊರಗಿದಾಳಾ? ಊಟಕ್ಕೆ ಕೂತಾಗ ಎಷ್ಟು ಸಲ ಅನ್ನ ಹಾಕಿಸ್ಕಂಡಳು?" ಎಲ್ಲರದೂ ಒಂದೇ ಉತ್ತರ: "ಚೆನ್ನಾಗಿದಾರೆ." ನಮ್ಮ ಜನ ಹಾಗೆ. ದೂರದಲ್ಲಿರುವವರಿಗೆ ಬೇಸರದ ಸುದ್ದಿ ಹೇಳಲು ಯಾರಿಗೂ ನಾಲಿಗೆ ಏಳುವುದಿಲ್ಲ. ಸಣ್ಣತ್ತೆಗೂ ಅದು ಗೊತ್ತು. "ಎಲ್ಲರೂ ಚೆನ್ನಾಗಿದಾರೆ ಅಂತಾರೆ. ಹ್ಯಾಗೆ ಚೆನ್ನಾಗಿದಾಳೆ ಅಂತ ಒಬ್ಬರೂ ಹೇಳಲ್ಲ" ಎಂದು ಗೊಣಗುತ್ತಿದ್ದರು.

ಅದನ್ನು ಹೇಳುವವಳು ಕೊನೆಗೂ ಬಂದಳು, ಅದೂ ನಿಜವಾದ ಪರದೇಶದಿಂದ. ಹೆಗ್ಗೋಡಿನಲ್ಲಿ ನಾಟಕ ಕಲಿಯಲು ಬಂದಿದ್ದ ಹುಡುಗಿ. ತನ್ನಷ್ಟೇ ಎತ್ತರದ ಬ್ಯಾಗು ಬೆನ್ನಿಗೆ ಹಾಕಿಕೊಂಡು ಬಸ್‌ಸ್ಟ್ಯಾಂಡಿನಲ್ಲಿ ದಾರಿ ಕೇಳುತ್ತಿದ್ದಳು. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವಳಾದ್ದರಿಂದ ಮಾತಾಡಿಸಿದೆ; ಮಾತಾಡಿಸಿದ್ದೇ ತಪ್ಪಾಯಿತು, ಸಣ್ಣತ್ತೆ ಹಿತ್ತಿಲಿನಿಂದಲೇ ನೋಡಿ ಒಳಗೆ ಕರೆಸಿಕೊಂಡರು. ತನ್ನ ದೇಶ ತುಂಬ ಚಿಕ್ಕದು, ಈ ತುದಿಯಿಂದ ಆ ತುದಿಗೆ ಅರ್ಧ ದಿನದ ದಾರಿ ಎಂದು ಆ ಹುಡುಗಿ ಹೇಳಿದಳು. ನಾನು ಕನ್ನಡದಲ್ಲಿ ಹೇಳಿದ ಕೂಡಲೇ ಸಣ್ಣತ್ತೆ ಕುಣಿದುಬಿಟ್ಟರು. "ನಮ್ಮದೂ ಅಷ್ಟೇ ಅಂತ ಹೇಳೇ ಅವಳಿಗೆ! ನಮ್ಮದೂ ಅಷ್ಟೇ!"

"ನಿಮ್ಮ ಬಸ್ಸುಗಳ ಟೈಮ್‌ಟೇಬಲ್ ಎಲ್ಲಿ ಸಿಗುತ್ತದೆ ಎಂದು ಕೇಳುತ್ತಿದ್ದಾಳೆ ಸಣ್ಣತ್ತೆ."

"ಇಲ್ಲೇ ಕೂತಿದೆಯಲ್ಲ!" ಎಂದು ಎದೆ ಮುಟ್ಟಿಕೊಂಡರು. ಆಮೇಲೆ ನನ್ನ ಭಾಷಾಂತರವನ್ನೂ ಕಾಯದೆ ತಾವೇ ಇಂಗ್ಲಿಷಿಗೆ ಇಳಿದರು. "ಬಸ್ ಕಮ್. ಹ್ಯಾಂಡ್ ಶೋ. ಬಸ್ ಸ್ಟಾಪ್. ಸ್ಟಾಪ್ ಇಲ್ಲದಿದ್ರೂ ಸ್ಟಾಪ್! ನೋ ಭಯ." ಹುಡುಗಿಗೆ ಪೂರ್ತಿ ಅರ್ಥವಾಯಿತು. ನನ್ನ ಇಂಗ್ಲಿಷಿಗಿಂತ ಬೇಗ ಅರ್ಥವಾಯಿತು ಎಂಬುದೇ ನನಗೆ ಅವಮಾನ.

ಹೊನ್ನೆಮರಡಿನ ಹಿನ್ನೀರು ನೋಡಬೇಕೆಂದಿದ್ದ ಆಕೆ ಡಬ್ಬಿ ಹಿಡಿದು ತೀರ್ಥಹಳ್ಳಿಗೆ ಹೋದಳು ಎಂದು ಮತ್ತೆ ಹೇಳಬೇಕಾಗಿಲ್ಲವಷ್ಟೆ? ನಾಲ್ಕು ದಿನ ಬಿಟ್ಟು ಬಂದಳು. ಒಂದು ಕೈಯಲ್ಲಿ ಡಬ್ಬಿ, ಇನ್ನೊಂದರಲ್ಲಿ ಬಸ್ಸಿನಲ್ಲಿ ಯಾರೋ ಕೊಟ್ಟ ಹಲಸಿನಹಣ್ಣಿನ ಅರ್ಧ ಭಾಗ, ಮುಡಿಯಲ್ಲಿ ಸೇವಂತಿಗೆ. ಸಣ್ಣತ್ತೆ ಮಣೆ ಹಾಕಿ ವಿಚಾರಣೆ ಶುರುಮಾಡಿದರು. ನಾನು ಪ್ರಶ್ನೆಯನ್ನು ಇಂಗ್ಲಿಷಿಗೆ ತರುವಷ್ಟರಲ್ಲಿ ಹುಡುಗಿ ಎದ್ದು ನಿಂತಳು.

ಸೊಂಟಕ್ಕೆ ದುಪಟ್ಟಾ ಸಿಕ್ಕಿಸಿಕೊಂಡಳು. ಕುತ್ತಿಗೆ ಸ್ವಲ್ಪ ಮುಂದೆ ಚಾಚಿದಳು. ಅಷ್ಟೇ! ನಮ್ಮೆದುರು ದೊಡ್ಡತ್ತೆ ನಿಂತಿದ್ದರು. ಅದೇ ನಿಲುವು, ಅದೇ ಕೈ ಬೀಸು! ಸಣ್ಣತ್ತೆ ಚಪ್ಪಾಳೆ ತಟ್ಟಿ "ಅಯ್ಯೋ ನಮ್ಮಕ್ಕನೇ!" ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಹುಡುಗಿ ನಡೆಯತೊಡಗಿದಳು. ಒಂದು ಅಂಗೈ ಗೋಡೆಯನ್ನು ಸವರುತ್ತಿತ್ತು. ಹೊಸಿಲ ಹತ್ತಿರ ಬಂದಾಗ ಪಾದ ಗಾಳಿಯಲ್ಲಿ ನಿಂತು, ಕೆಳಗೆ ನೆಲ ಎಲ್ಲಿದೆ ಎಂದು ಹುಡುಕಿತು. ಬಡಿಸುವಾಗ ಬಾಳೆಲೆಯ ಅಂಚನ್ನು ಮೊದಲು ಬೆರಳಿನಿಂದ ಮುಟ್ಟಿ, ಆಮೇಲೆ ಸೌಟು ಬಗ್ಗಿಸಿತು ಆ ಕೈ.

ಸಣ್ಣತ್ತೆಯ ನಗು ನಿಂತಿತು. "ಅಕ್ಕನಿಗೆ ಕಣ್ಣು ಕಾಣ್ತಿಲ್ಲ" ಎಂದರು.

ಎಷ್ಟೊಂದು ನೆಂಟರು ಹೋಗಿ ಬಂದಿದ್ದರು, ಎಷ್ಟೊಂದು ಮಾತಾಡಿದ್ದರು! ಕನ್ನಡದ ಒಂದು ಮಾತೂ ಬಾರದ ಹುಡುಗಿ ಎಲ್ಲವನ್ನೂ ಹೇಳಿಬಿಟ್ಟಿದ್ದಳು. ತಾನೇನೋ ತಪ್ಪು ಮಾಡಿದೆನೆಂದು ಅವಳು ಕಂಗಾಲಾಗಿ ನಿಂತಿದ್ದಾಗ ಸಣ್ಣತ್ತೆ ಅವಳ ಗಲ್ಲ ಹಿಡಿದು "ಯು ಗುಡ್. ಯು ಓನ್ಲಿ ಗುಡ್" ಎಂದರು. ಅಂದಿನಿಂದ ಫೋನಿನಲ್ಲಿ ಅಕ್ಕನ ಮೇಲೆ ಯುದ್ಧ ಶುರುವಾಯಿತು. ಪೊರೆ ಬಂದಿದ್ದರೆ ತೆಗೆಸಬೇಕು, ತೆಗೆಸದಿದ್ದರೆ ಡಬ್ಬಿ ಬಂದ್! ಬೇರೆ ಯಾವುದಕ್ಕೂ ಬಗ್ಗದ ದೊಡ್ಡತ್ತೆ ಡಬ್ಬಿಯ ಬೆದರಿಕೆಗೆ ಬಗ್ಗಿದರು. ಅಲ್ಲೇ ಹತ್ತಿರದ ಆಸ್ಪತ್ರೆಯಲ್ಲಿ ಪೊರೆ ತೆಗೆಸಿಕೊಂಡರು.

ಪಟ್ಟಿ ಬಿಚ್ಚಿದ ದಿನದ ಫೋನು ನನಗೂ ಕೇಳುವಷ್ಟು ಜೋರಾಗಿತ್ತು. "ಎಲ್ಲ ಕಾಣ್ತದೆ ಕಣೇ! ಗೋಡೆ ಮೇಲಿನ ಹಲ್ಲಿ ಕಾಣ್ತದೆ. ಅಕ್ಕೀಲಿ ಕಲ್ಲು ಕಾಣ್ತದೆ. ನಿಮ್ಮ ಭಾವನ ಕಿವೀಲಿ ಕೂದಲು ಬೆಳೆದದ್ದು ಕಾಣ್ತದೆ, ಥೂ! ಇಷ್ಟೆಲ್ಲ ಕಂಡಾಯ್ತು. ಇನ್ನು ನಿನ್ನ ಕಾಣ್ಬೇಕು. ಬಾ!"

ವಿಡಿಯೋ ಕಾಲ್ ಮಾಡಿಕೊಡುತ್ತೇನೆ ಎಂದು ನಾನು ನಡುವೆ ಬಾಯಿ ಹಾಕಿದೆ. "ಅದು ಬ್ಯಾಡ. ಅದ್ರಲ್ಲಿ ಅವಳ ಮೂಗಿನ ಹೊಳ್ಳೆ ಬಿಟ್ರೆ ಬೇರೆಂತ ಕಾಣ್ತದೆ?" ಎಂದರು ದೊಡ್ಡತ್ತೆ. ತಾವೇ ಬರುವ ಹಾಗಿರಲಿಲ್ಲ. ಕೆಲವು ವಾರ ಬಗ್ಗಬಾರದು, ಭಾರ ಎತ್ತಬಾರದು, ವಾಂತಿಯಂತೂ ಆಗಲೇಬಾರದು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಅಂದಮೇಲೆ ಯಾರು ಹೊರಡಬೇಕು? ಮಂತ್ರಿಗಳೇ!

ಆ ವಾರ ಮನೆಯಲ್ಲಿ ಸಂಪುಟ ಸಭೆಯ ಮೇಲೆ ಸಂಪುಟ ಸಭೆ. ಕಾರು? "ಗಾಜಿನ ಪೆಟ್ಟಿಗೆ, ಬ್ಯಾಡ." ಆಟೋ? "ಗಾಳಿ ಸರಿ, ಕುಲುಕಾಟ ಆಗಲ್ಲ." ಪಿಕಪ್ಪಿನ ಹಿಂಭಾಗದಲ್ಲಿ ಕುರ್ಚಿ ಹಾಕಿಕೊಂಡು ಕೂತರೆ ಹೇಗೆ ಎಂದು ಸ್ವತಃ ಸಣ್ಣತ್ತೆಯೇ ಕೇಳಿದರು. "ದೇವರ ಮೆರವಣಿಗೆ ಅಂತ ಜನ ಕಾಯಿ ಒಡೆದಾರು" ಎಂದರು ಮಾವ, ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿಯನ್ನು ತೆಗೆಯದೆಯೇ. ಕೊನೆಗೆ ಕೆಮ್ಮು ಬಸ್ಸೇ ಎಂದು ತೀರ್ಮಾನವಾಯಿತು. ನಿಧಾನ ಹೋಗುತ್ತದೆ, ಕಂಡಕ್ಟರ್ ಗುರುತಿನವನು, ಜೊತೆಗೆ ನಾನು. ಸುದ್ದಿ ತಿಳಿದ ಬೀದಿಯವರೆಲ್ಲ ಔಷಧಿ ತಂದರು. ಒಬ್ಬರು ನಿಂಬೆಹಣ್ಣು, ಒಬ್ಬರು ಶುಂಠಿ, ಒಬ್ಬರು ಹುಣಸೆ ಉಂಡೆ. ಹೊಟ್ಟೆಯ ಮೇಲೆ ನ್ಯೂಸ್‌ಪೇಪರ್ ಕಟ್ಟಿಕೊಂಡರೆ ವಾಂತಿ ಬರುವುದಿಲ್ಲ ಎಂದು ಎದುರುಮನೆಯವರು ಹೇಳಿದರು. ಸಣ್ಣತ್ತೆ ಭಾನುವಾರದ ಪುರವಣಿಯನ್ನೂ ಸೇರಿಸಿ ಕಟ್ಟಿಕೊಂಡರು. ನಡೆದರೆ ಸರಬರ ಸದ್ದು!

ಹೊರಡುವ ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಹಬ್ಬದ ಸಂಭ್ರಮ. ಹೂವಿನವಳು ಸಣ್ಣತ್ತೆಯ ಮುಡಿಗೆ ಮಲ್ಲಿಗೆ ಮುಡಿಸಿದಳು. ಏಜೆಂಟು ಡ್ರೈವರಿನ ಹಿಂದಿನ ಸೀಟಿಗೆ ಟವೆಲ್ಲು ಹಾಸಿ ಜಾಗ ಹಿಡಿದಿಟ್ಟಿದ್ದ. ಮಾವ ಅಂಗಡಿ ಮುಚ್ಚಿ ಬಂದು ನಿಂತಿದ್ದರು. ನಾನು ಬ್ಯಾಗು ಹಿಡಿದು ಮೊದಲು ಹತ್ತಿ ಕೂತೆ. ಸಣ್ಣತ್ತೆ ಬಾಗಿಲಿಗೆ ಬಂದರು. ಕೈಯಲ್ಲಿ ಬಟ್ಟೆ ಕಟ್ಟಿದ ಡಬ್ಬಿ. ಅದನ್ನು ಕಂಡಕ್ಟರ್ ಕೈಗೆ ಕೊಟ್ಟರು.

"ಹುಷಾರಪ್ಪ, ಓರೆ ಮಾಡ್ಬ್ಯಾಡ. ಭಾವ ಬಂದು ಇಳಿಸ್ಕಂತಾರೆ" ಎಂದರು.

"ಆಯ್ತಮ್ಮ" ಎಂದ ಕಂಡಕ್ಟರ್. "ರೈಟ್ ರೈಟ್!"

ಬಸ್ಸು ಖೊಕ್ ಖೊಕ್ ಎಂದು ಹೊರಟಿತು. ನಾನು ಕಿಟಕಿಯಿಂದ ನೋಡುತ್ತೇನೆ, ಸಣ್ಣತ್ತೆ ಕೆಳಗೆ ನಿಂತು ಸೆರಗಿಗೆ ಕೈ ಒರೆಸಿಕೊಂಡು, ಬಸ್ಸಿಗೆ ಟಾಟಾ ಮಾಡಿ, ಮನೆಯ ಕಡೆಗೆ ತಿರುಗಿ ನಡೆಯುತ್ತಿದ್ದಾರೆ! ದಿನವೂ ಮಾಡುವಂತೆಯೇ! ಮಾವ ಬಾಯಿ ಬಿಟ್ಟುಕೊಂಡು ನಿಂತಿದ್ದಾರೆ. ನಾನು "ಹೋಲ್ಡಾನ್! ಹೋಲ್ಡಾನ್!" ಎಂದು ಇಡೀ ಬಸ್ಸು ಎದ್ದು ನಿಲ್ಲುವ ಹಾಗೆ ಕಿರುಚಿದೆ. ಕಂಡಕ್ಟರನೂ ಆಗಲೇ ಎಚ್ಚೆತ್ತವನು, ತಲೆ ಚಚ್ಚಿಕೊಂಡ. "ಅಯ್ಯೋ, ಅಮ್ಮನೇ ಬರೋರಲ್ವಾ ಇವತ್ತು! ಡಬ್ಬಿ ಕೈಗೆ ಬಂತು ನೋಡಿ ಮೇಡಂ, ರೈಟ್ ಅಂದುಬಿಟ್ಟೆ."

ಬಸ್ಸು ಹಿಂದಕ್ಕೆ ಬಂತು. ಒಂದು ಆಟೋ, ಎರಡು ಬೈಕು, ಒಂದು ದನ, ಎಲ್ಲವೂ ಅದಕ್ಕೆ ದಾರಿ ಬಿಟ್ಟವು. ಮಾವ ಹೆಂಡತಿಯ ತೋಳು ಹಿಡಿದು ಹತ್ತಿಸಿದರು. ಬಸ್ಸಿನವರೆಲ್ಲ ಹೊಟ್ಟೆ ಹಿಡಿದು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಸಣ್ಣತ್ತೆ ಮಾತ್ರ ನಗಲಿಲ್ಲ. ನನ್ನ ಪಕ್ಕ ಕೂತು ಕಂಬಿ ಹಿಡಿದುಕೊಂಡರು.

ಮುಂದಿನ ಪ್ರಯಾಣವನ್ನು ನಾನು ವಿವರಿಸುವುದಿಲ್ಲ, ನೀವು ಊಟ ಮಾಡಿರಬಹುದು. ಒಟ್ಟಿನಲ್ಲಿ ನಿಂಬೆಹಣ್ಣು ಸೋತಿತು, ಶುಂಠಿ ಸೋತಿತು, ಭಾನುವಾರದ ಪುರವಣಿಯೂ ಸೋತಿತು. ಬಟ್ಟೆಮಲ್ಲಪ್ಪ ಎಂಬ ಊರಿನಲ್ಲಿ ಒಬ್ಬ ಅಜ್ಜ ತಮ್ಮ ಎಲೆ ಅಡಿಕೆಯ ಚೀಲವನ್ನು ಖಾಲಿ ಮಾಡಿ ಕೊಟ್ಟರು, ಸಣ್ಣತ್ತೆಯ ಬಾಯಿಗೆ ಹಿಡಿಯಲು! ಆದರೂ ನಡುನಡುವೆ ತಲೆ ಎತ್ತಿ ಮಂತ್ರಿಗಿರಿ ನಡೆದೇ ಇತ್ತು. "ಇದಾ ಆ ದೊಡ್ಡ ತಿರುವು? ಎಲ್ಲರಿಗೂ ಕಂಬಿ ಹಿಡೀರಿ ಅಂತ ಹೇಳ್ತಿದ್ದೆನಲ್ಲ, ಹೇಳಿದ್ದು ಸರಿಯಾಯ್ತು ನೋಡು!" ಎಂದು ಹೇಳಿ ಮತ್ತೆ ಕಿಟಕಿಗೆ ಬಾಗುತ್ತಿದ್ದರು.

ಹೊಸನಗರದಲ್ಲಿ ಬಸ್ಸು ಚಹಾಕ್ಕೆ ನಿಂತಿತು. ಸಣ್ಣತ್ತೆ ಇಳಿದವರು ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕುಸಿದು ಕೂತರು. ಮತ್ತೆ ಏಳಲಿಲ್ಲ. ಕಂಡಕ್ಟರ್ ಕರೆದ, ಡ್ರೈವರ್ ಬಂದು ಕರೆದ. ಬೇರೆ ಪ್ರಯಾಣಿಕರು ಎಷ್ಟು ಹೊತ್ತು ಕಾದಾರು? ಕಂಡಕ್ಟರ್ ಡಬ್ಬಿಯನ್ನು ತಂದು ನನ್ನ ಮಡಿಲಿಗಿಟ್ಟು ಹೋದ. ಕೆಮ್ಮು ಬಸ್ಸು ತೀರ್ಥಹಳ್ಳಿಯತ್ತ ಹೊರಟಿತು.

"ಇನ್ನರ್ಧ ದಾರಿ ಸಣ್ಣತ್ತೆ. ಸುಧಾರಿಸಿಕೊಂಡು ಮುಂದಿನ ಬಸ್ಸಿಗೆ ಹೋಗೋಣ" ಎಂದೆ.

"ವಾಂತಿಗಲ್ಲ ಮಾರಾಯ್ತಿ" ಎಂದರು. ದನಿ ತೀರಾ ಸಣ್ಣಗಿತ್ತು. "ಸಾಗರದಲ್ಲೂ ನಾ ಮರೆತಿದ್ದಲ್ಲ. ಕಾಲು ತಾನಾಗಿ ಮನೆ ಕಡೆ ತಿರುಗ್ತು, ನಾ ತಡೀಲಿಲ್ಲ. ನಂಗೆ ಅಕ್ಕ ಅಂದ್ರೆ ಉದ್ದ ಜಡೆ ಹಾಕ್ಕಂಡು, ನನ್ನ ಕೈ ಹಿಡ್ಕಂಡು, ಹೊಳೆ ದಾಟಿಸೋಳು. ಆ ಹುಡುಗಿ ಗೋಡೆ ಹಿಡ್ಕಂಡು ನಡೆದು ತೋರ್ಸಿದ್ಲಲ್ಲ, ಅವತ್ತಿಂದ ಹೆದರಿಕೆ. ಹೋಗಿ ನೋಡಿದ್ರೆ ಆ ಅಕ್ಕ ಅಲ್ಲಿಲ್ಲದಿದ್ರೆ? ಅವಳೂ ಹೊಸ ಕಣ್ಣಲ್ಲಿ ನನ್ನ ನೋಡಿ, ಈ ಮುದುಕಿ ಯಾರು ಅಂದ್ರೆ?"

ಬರಲಾಗುವುದಿಲ್ಲವೆಂದಾದರೂ ತಿಳಿಸೋಣ ಎಂದು ದೊಡ್ಡತ್ತೆಯ ಮನೆಗೆ ಫೋನು ಮಾಡಿದೆ. ಎತ್ತಿದ್ದು ದೊಡ್ಡಮಾವ.

"ಅವಳೆಲ್ಲಿದಾಳೆ ಇಲ್ಲಿ? ಬೆಳಿಗ್ಗೇನೇ ಹೊರಟ್ಲು!" ಎಂದು ಅವರು ಕೂಗಿದರು. "ಕಪ್ಪು ಕನ್ನಡಕ ಹಾಕ್ಕಂಡು, ಪಕ್ಕದ ಮನೆಯೋಳನ್ನ ಜೊತೆಗೆ ಕರ್ಕಂಡು ಹೋದ್ಲು. ಡಾಕ್ಟರು ಬ್ಯಾಡ ಅಂದಿದಾರೆ ಅಂತ ಎಷ್ಟು ಹೇಳಿದ್ರೂ ಕೇಳಲಿಲ್ಲ. 'ನನ್ನ ತಂಗಿ ನಂಗೊತ್ತು. ಅವಳು ಹೊಸನಗರ ದಾಟಲ್ಲ. ಅಲ್ಲೇ ಎಲ್ಲೋ ಕೂತಿರ್ತಾಳೆ, ಹೋಗಿ ನೋಡ್ತೀನಿ' ಅಂದ್ಲು."

ನಾನು ಅದನ್ನು ಸಣ್ಣತ್ತೆಗೆ ಹೇಳುವುದಕ್ಕೂ ಎದುರಿನಿಂದ ಮದುಮಗಳು ಹೂವು ಅಲ್ಲಾಡಿಸುತ್ತ ಸ್ಟ್ಯಾಂಡಿನೊಳಗೆ ಬರುವುದಕ್ಕೂ ಸರಿಹೋಯಿತು. ಬಾಗಿಲಲ್ಲಿ ಮೊದಲು ಇನ್ನೊಂದು ಡಬ್ಬಿ ಕಾಣಿಸಿತು. ಅದರ ಹಿಂದೆ ಕಪ್ಪು ಕನ್ನಡಕ. ದೊಡ್ಡತ್ತೆ ಮೆಟ್ಟಿಲನ್ನು ನೋಡಿ, ನೆಲವನ್ನು ನೋಡಿ, ಗೋಡೆ ಹಿಡಿಯದೆ, ಯಾರ ಕೈಯನ್ನೂ ಹಿಡಿಯದೆ ಧಪಧಪನೆ ಇಳಿದು ಬಂದರು!

ಸಣ್ಣತ್ತೆ ಎದ್ದೇಬಿಟ್ಟರು. "ಅಕ್ಕಾ! ವಾಂತಿ ಆಯ್ತಾ? ಕಣ್ಣಿಗೆ ಎಂತಾರು ಆದ್ರೆ ಏನೇ ಗತಿ? ಬುದ್ಧಿ ಇದೆಯಾ ನಿಂಗೆ?"

"ಎಲ್ಲಿ ವಾಂತಿ?" ಎಂದರು ದೊಡ್ಡತ್ತೆ. "ದಾರಿ ಪೂರ್ತಿ ಕಾಣ್ತಿತ್ತು ಕಣೇ! ಮರ ಕಾಣ್ತಿತ್ತು, ಮರದ ಎಲೆ ಬೇರೆ ಬೇರೆ ಕಾಣ್ತಿತ್ತು. ಅದನ್ನೆಲ್ಲ ನೋಡೋದು ಬಿಟ್ಟು ವಾಂತಿ ಮಾಡೋಕೆ ಪುರುಸೊತ್ತೆಲ್ಲಿ?"

ಅಷ್ಟು ಹೇಳಿ ಕನ್ನಡಕ ತೆಗೆದರು. ಬೇಡ ಎಂದು ನಾನು ಹೇಳುವುದರೊಳಗೆ ತೆಗೆದೇಬಿಟ್ಟಿದ್ದರು. ತಂಗಿಯ ಮುಖವನ್ನು ಹಣೆಯಿಂದ ಗಲ್ಲದವರೆಗೆ ನಿಧಾನವಾಗಿ ನೋಡಿದರು. ಬೆಳ್ಳಗಾದ ಕೂದಲು, ವಾಂತಿಯಿಂದ ಬಾಡಿದ ಮುಖ, ಬಾಡಿದ ಮಲ್ಲಿಗೆ, ಸೀರೆಯೊಳಗಿನಿಂದ ಇಣುಕುತ್ತಿದ್ದ ಭಾನುವಾರದ ಪುರವಣಿ, ಎಲ್ಲವನ್ನೂ ನೋಡಿದರು. ಸಣ್ಣತ್ತೆ ಪರೀಕ್ಷೆಗೆ ನಿಂತ ಮಗುವಿನಂತೆ ಉಸಿರು ಬಿಗಿಹಿಡಿದು ನಿಂತಿದ್ದರು. ದೊಡ್ಡತ್ತೆ ಕೈ ಚಾಚಿ, ತಂಗಿಯ ಬಾಯಿಯ ಅಂಚನ್ನು ತಮ್ಮ ಸೆರಗಿನಿಂದ ಒರೆಸಿದರು.

"ಯಾವ ಬಸ್ಸಿಗೆ ಬಂದ್ಯೇ?" ಎಂದು ಕೇಳಿದರು.

ಬಂದವರನ್ನೆಲ್ಲ ಈ ಪ್ರಶ್ನೆ ಕೇಳಿಕೊಂಡೇ ವಯಸ್ಸಾದ ಸಣ್ಣತ್ತೆಯನ್ನು ಇಷ್ಟು ವರ್ಷಗಳಲ್ಲಿ ಒಬ್ಬರೂ ಅದನ್ನು ಕೇಳಿರಲಿಲ್ಲ. ಕೇಳುವುದಾದರೂ ಹೇಗೆ? ಅವರು ಎಲ್ಲಿಗೂ ಬಂದಿರಲೇ ಇಲ್ಲವಲ್ಲ! ಉತ್ತರ ಹೇಳಲು ಬಾಯಿ ತೆರೆದರು. ಮೂರು ತಾಲ್ಲೂಕಿನ ಬಸ್ಸುಗಳೆಲ್ಲ ನಾಲಿಗೆಯ ತುದಿಯಲ್ಲಿರುವ ಹೆಂಗಸಿಗೆ ಒಂದು ಬಸ್ಸಿನ ಹೆಸರೂ ಬರಲಿಲ್ಲ. ಅಕ್ಕನ ಹೆಗಲಿಗೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅಳತೊಡಗಿದರು. ದೊಡ್ಡತ್ತೆ ಅವರ ಬೆನ್ನು ಸವರುತ್ತ, ಉತ್ತರಕ್ಕಾಗಿ ನನ್ನ ಮುಖ ನೋಡಿದರು.

"ಕೆಮ್ಮು ಬಸ್ಸಿಗೆ ಬಂದ್ವಿ ದೊಡ್ಡತ್ತೆ" ಎಂದೆ.